ಸೀಸೆ ತಂದವರಿಗೆ ಔಷಧಿ

ಚಾಮುಂಡಿ ಬೆಟ್ಟ ಇಳಿದಾಗಿನಿಂದ ಹೊಟ್ಟೆ ಕಿವುಚುತ್ತಿತ್ತು. ಮೈಸೂರಿನ ಒಂದು ಧರ್ಮಾಸ್ಪತ್ರೆಯಲ್ಲಿ ಔಷಧಿ ಕೊಡುವ ಕಿಟಕಿಯ ಮುಂದೆ ಸರದಿಯಲ್ಲಿ ನಿಂತೆ. ‘ಎಲ್ಲರಿಗೂ ಔಷಧಿ ಉಚಿತ’ ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು.

ನನ್ನ ಮುಂದೆ ಕೆಮ್ಮುವ ಕೂಸನ್ನೆತ್ತಿಕೊಂಡ ಹೆಂಗಸು. ಕಾಂಪೌಂಡರ್ ಚೀಟಿ ನೋಡಿ, “ಸೀಸೆ ಎಲ್ಲಮ್ಮ?” ಎಂದ.

“ಕೆಸರೆಯಿಂದ ನಡ್ಕೊಂಡ್ ಬಂದಿವ್ನಿ ಸ್ವಾಮಿ. ಸೀಸೆ ತರ್ಬೇಕು ಅಂತ ಗೊತ್ತಿರ್ನಿಲ್ಲ.”

“ಔಷಧಿ ಸರ್ಕಾರದ್ದು, ಸೀಸೆ ನಿಮ್ದು ಕಣಮ್ಮ. ಸೆರಗಿಗೆ ಹುಯ್ಲಾ? ಆಚೆ ನಿಂತ್ಕೊ.”

ನನ್ನ ಹತ್ತಿರವೂ ಸೀಸೆ ಇರಲಿಲ್ಲ. ಆತ ನನ್ನ ಕೋಟನ್ನೊಮ್ಮೆ ನೋಡಿ, ಮೇಜಿನ ಕೆಳಗಿನಿಂದ ಒಂದು ಸೀಸೆ ತೆಗೆದು, ಔಷಧಿ ತುಂಬಿ, ಹೊತ್ತಿಗೆಷ್ಟು ಕುಡಿಯಬೇಕೆಂಬ ಅಳತೆಯ ಕಾಗದ ಅಂಟಿಸಿ ಕೊಟ್ಟ. “ನಿಮ್ಗೇನ್ ಬುಡಿ ಸಾರ್, ಪರ ಊರೋರು.” ಮುಖ ನೋಡಿ ಮಣೆ ಹಾಕುವುದನ್ನು ಕೇಳಿದ್ದೆ. ಇಲ್ಲಿ ಕೋಟು ನೋಡಿ ಸೀಸೆ!

ಮೈ ಉರಿದುಹೋಯಿತು. ಔಷಧಿಯನ್ನು ಮೋರಿಗೆ ಚೆಲ್ಲಿ, ಸೀಸೆಯನ್ನು ನಲ್ಲಿಯಲ್ಲಿ ತೊಳೆದು ಆಕೆಯ ಕೈಗಿಟ್ಟೆ. ಆಕೆ ಮತ್ತೆ ಕಿಟಕಿಗೆ ಹೋದಳು. ಕಾಂಪೌಂಡರ್ ಅದನ್ನು ಬೆಳಕಿಗೆ ಹಿಡಿದು ನೋಡಿದ.

“ಒಳಗೆ ನೀರಿದ್ಯಲ್ಲಮ್ಮ. ಒಣಗಿಸ್ಕೊಂಡು ಬಾ.”

ಆಕೆ ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಸೀಸೆಯನ್ನು ಬೋರಲಾಗಿ ಹಿಡಿದು ಬಿಸಿಲಿಗೆ ನಿಂತಳು. ಸೀಸೆ ಒಣಗುವ ಮೊದಲೇ ಕಿಟಕಿ ಮುಚ್ಚಿತು.