ತೋಳಿನ ನಾಚಿಕೆ

ಮೊದಲು ಕೈಕೊಟ್ಟಿದ್ದು ಮೊಣಕಾಲು. ರಾಜೇಶ್ವರದ ಶಾಲೆಯಲ್ಲಿ ಮೂರನೇ ತರಗತಿಯ ಪಾಠ ಮುಗಿಸಿ, ಬಸವಕಲ್ಯಾಣಕ್ಕೆ ಮರಳಲು ಬಸ್ ಹತ್ತುವಾಗ ಬಲಗಾಲು ಮೇಲೇಳಲೇ ಇಲ್ಲ. ಹಿಂದಿದ್ದ ಹೆಂಗಸೊಬ್ಬಳು ನನ್ನ ಸೊಂಟಕ್ಕೆ ಎರಡೂ ಕೈ ಕೊಟ್ಟು ಮೇಲೆ ನೂಕಿದಳು. ಬಸ್ಸಿನೊಳಗಿದ್ದ ನನ್ನದೇ ಶಾಲೆಯ ಇಬ್ಬರು ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದರು. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತೆ.

ಆಗ ನನಗೆ ಮೂವತ್ತೊಂಬತ್ತು. ತೂಕ ಎಂಬತ್ತನಾಲ್ಕು ಕಿಲೊ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಹುಮನಾಬಾದಿನ ದವಾಖಾನೆಗೆ ಹೋದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಮೊಣಕಾಲು ಸವೆಯತೊಡಗಿದೆ ಎಂದರು. ರಕ್ತದ ರಿಪೋರ್ಟ್ ನೋಡಿ ಶುಗರ್ ಶುರುವಾಗಿದೆ ಎಂದರು. ಹನ್ನೆರಡು ಕಿಲೊ ಇಳಿಸಬೇಕು. ಗುಳಿಗೆ ಬರೆದು, ಪಕ್ಕದ ಕೋಣೆಯ ಫಿಸಿಯೋಥೆರಪಿ ಮೇಡಂ ಹತ್ತಿರ ಕಳಿಸಿದರು.

ಆಕೆ ನನಗಿಂತ ಹತ್ತು ವರ್ಷ ಚಿಕ್ಕವಳು. ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಕೈ ಊರದೆ ಏಳಿ ಎಂದಳು. ನನ್ನಿಂದ ಆಗಲಿಲ್ಲ. ಆಮೇಲೆ ಎರಡು ಕಬ್ಬಿಣದ ಡಂಬೆಲ್ ತಂದು ಕೈಗಿಟ್ಟಳು. ತೂಕ ಇಳಿಸುವಾಗ ಊಟವನ್ನಷ್ಟೇ ಕಡಿಮೆ ಮಾಡಿದರೆ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ, ಅದಕ್ಕೆ ಭಾರ ಎತ್ತಲೇಬೇಕು ಎಂದು ತಾಳ್ಮೆಯಿಂದ ವಿವರಿಸಿದಳು. ನಾನು ಅವುಗಳನ್ನು ಹಾಗೆಯೇ ಮೇಜಿನ ಮೇಲಿಟ್ಟೆ. ತೋಳು ಗಂಡಸರ ತೋಳಿನ ಹಾಗೆ ದಪ್ಪಗಾದರೆ ಏನು ಮಾಡಲಿ ಎಂದೆ. ಎರಡು ಹೆರಿಗೆಯಾದವಳು, ಗರ್ಭಕೋಶ ಜಾರಿದರೆ ಎಂದೆ. ಇಳಿಯಬೇಕಾದ ತೂಕ ಏರಿಬಿಟ್ಟರೆ ಎಂದೆ.

"ಹೊಲದಾಗ ಹೊರಿ ಹೊರೋ ಹೆಣ್ಮಕ್ಕಳನ್ನ ನೋಡಿಲ್ಲೇನ್ರಿ?" ಎಂದು ಆಕೆ ಕೇಳಿದಳು. "ಅವ್ರೇನು ಗಂಡಸರ ಹಂಗ ಆಗ್ಯಾರೇನು?"

ಉತ್ತರ ನನಗೆ ಗೊತ್ತಿತ್ತು, ಅದನ್ನು ಬಾಯಿಬಿಟ್ಟು ಹೇಳಲು ನಾಚಿಕೆ.

ನನ್ನ ಅವ್ವ ಮುಡಬಿಯಲ್ಲಿ ಕೂಲಿ ಮಾಡುವವಳು. ಅಪ್ಪ ಬೇಗ ತೀರಿಕೊಂಡ. ಕಂಡವರ ಹೊಲದಲ್ಲಿ ಜೋಳ ಕೊಯ್ದು, ತೊಗರಿ ಬಡಿದು, ಚೀಲ ಹೊತ್ತು ನನ್ನನ್ನು ಓದಿಸಿದಳು. ಅವಳ ತೋಳು ಹುರಿಗಟ್ಟಿದ ಹಗ್ಗದ ಹಾಗಿದ್ದವು. ಕುಪ್ಪಸದ ತೋಳಿನ ಹೊಲಿಗೆ ಯಾವಾಗಲೂ ಬಿಚ್ಚಿರುತ್ತಿತ್ತು. ನನಗೆ ಸರಕಾರಿ ಶಾಲೆಯಲ್ಲಿ ಕೆಲಸ ಸಿಕ್ಕಿ, ಬಸವಕಲ್ಯಾಣದ ಬಟ್ಟೆ ಅಂಗಡಿಯವರ ಮನೆಗೆ ಮದುವೆಯಾದ ದಿನ ನಮ್ಮ ಅತ್ತೆ ಅವ್ವನನ್ನು ನೋಡಿ, ಬೀಗತಿಯ ತೋಳು ಹಮಾಲನ ತೋಳಿನ ಹಾಗಿವೆ ಎಂದರು. ಸುತ್ತಲಿದ್ದ ಹೆಂಗಸರು ನಕ್ಕರು.

ನಾನೂ ನಕ್ಕೆ.

ಆಮೇಲೆ ಅವ್ವನಿಗೆ ಮೊಣಕೈ ಮುಚ್ಚುವ ಉದ್ದ ತೋಳಿನ ಎರಡು ಕುಪ್ಪಸ ಹೊಲಿಸಿಕೊಟ್ಟೆ. ನಮ್ಮ ಮನೆಗೆ ಬರುವಾಗ ಇವನ್ನೇ ಹಾಕಿಕೋ ಎಂದೆ. ಅವಳು ಯಾಕೆ ಎಂದು ಕೇಳಲಿಲ್ಲ. ಹಾಕಿಕೊಂಡಳು.

ಆ ಡಂಬೆಲ್ ನೋಡಿದಾಗ ನನ್ನ ಕಣ್ಣಿಗೆ ಕಂಡದ್ದು ಯಾವ ಗಂಡಸಿನ ತೋಳೂ ಅಲ್ಲ. ಹದಿನೈದು ವರ್ಷ ಕುರ್ಚಿಯಲ್ಲಿ ಕೂತು, ನೆರಳಲ್ಲಿ ಬದುಕಿ ಮೆತ್ತಗೆ ಮಾಡಿಕೊಂಡಿದ್ದ ನನ್ನ ತೋಳು ಮತ್ತೆ ಮುಡಬಿಗೆ ಹೋಗಿಬಿಡುತ್ತವೆ ಎಂಬ ಅಂಜಿಕೆ ಅದು. ಮೇಡಂ ಹತ್ತಿರ ಮತ್ತೆ ಹೋಗಲಿಲ್ಲ. ಊಟ ಬಿಟ್ಟೆ.

ಬೆಳಗ್ಗೆ ನಿಂಬೆಹಣ್ಣಿನ ನೀರು, ಮಧ್ಯಾಹ್ನ ಅರ್ಧ ರೊಟ್ಟಿ, ಸಂಜೆ ಒಂದು ಲೋಟ ಮಜ್ಜಿಗೆ. ನಾಲ್ಕು ತಿಂಗಳಲ್ಲಿ ಎಪ್ಪತ್ತೊಂದಕ್ಕೆ ಬಂದೆ. ಶಾಲೆಯ ಟೀಚರುಗಳು ಗುಟ್ಟು ಕೇಳಿದರು. ಬಳೆ ಸಡಿಲಾದವು. ಬಾಚಿದರೆ ಕೂದಲು ಉಂಡೆಯುಂಡೆಯಾಗಿ ಬರುತ್ತಿತ್ತು, ಅದನ್ನು ಸುತ್ತಿ ಯಾರಿಗೂ ಕಾಣದ ಹಾಗೆ ಎಸೆಯುತ್ತಿದ್ದೆ. ಬೋರ್ಡಿನ ಮೇಲೆ ಬರೆಯುವಾಗ ಕೈ ನಡುಗಿ ಅಕ್ಷರ ಸೊಟ್ಟಗಾಗುತ್ತಿತ್ತು. ಆದರೂ ತೂಕದ ಮಷೀನಿನ ಮುಳ್ಳು ಇಳಿಯುತ್ತಿದೆಯಲ್ಲ ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ಅತ್ತೆಗೆ ಅದರ ಹಿಂದಿನ ವರ್ಷ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಮಾತು ಇತ್ತು, ಸ್ವಲ್ಪ ತಡವರಿಸುತ್ತಿತ್ತು. ಎಡಗೈಯಿಂದ ಊಟ ಮಾಡುತ್ತಿದ್ದರು, ಲಿಂಗಪೂಜೆಯನ್ನೂ ಅದರಿಂದಲೇ ಮಾಡುತ್ತಿದ್ದರು. ದಿನಾ ಬೆಳಗ್ಗೆ ಅವರನ್ನು ಮಂಚದಿಂದ ಎತ್ತಿ ಕುರ್ಚಿಗೆ ಕೂರಿಸುವುದು ನನ್ನ ಕೆಲಸ. ನನ್ನ ಗಂಡ ಆ ಹೊತ್ತಿಗೆ ಅಂಗಡಿ ತೆರೆಯಲು ಹೊರಡುತ್ತಿದ್ದರು.

ಆ ದಿನ ಅವರ ಕಂಕುಳಲ್ಲಿ ಕೈ ಹಾಕಿ ಎತ್ತಿದೆ. ಅರ್ಧ ಎತ್ತಿದ್ದೆ. ತೊಡೆ ನಡುಗತೊಡಗಿತು, ಕಣ್ಣಿಗೆ ಕತ್ತಲೆ ಕಟ್ಟಿತು. ಬೀಳುತ್ತೇನೆ ಅನ್ನಿಸಿದ ಆ ಗಳಿಗೆಯಲ್ಲಿ ನಾನು ಮಂಚದ ಕಾಲನ್ನು ಹಿಡಿದುಕೊಂಡೆ.

ಅತ್ತೆ ಕೈಜಾರಲಿಲ್ಲ. ನಾನು ಬಿಟ್ಟೆ.

ಅವರು ಎಡಗೈ ಊರಿ ಬಿದ್ದರು. ಮಣಿಕಟ್ಟು ಮುರಿಯಿತು. ಅವರಿಗೆ ಉಳಿದಿದ್ದ ಒಂದೇ ಕೈ.

ಸದ್ದು ಕೇಳಿ ಗಂಡ ಓಡಿ ಬಂದಾಗ ನೆಲ ಹಸಿಯಿತ್ತು, ಕಾಲು ಜಾರಿತು ಎಂದುಬಿಟ್ಟೆ. ನೆಲ ಒಣಗಿತ್ತು. ಅತ್ತೆ ನನ್ನ ಮುಖ ನೋಡಿದರು, ಮಾತಾಡಲಿಲ್ಲ. ತಾವು ಸ್ನಾನ ಮಾಡಿ ಬಂದಾಗ ಕಾಲಿನ ನೀರು ಬಿದ್ದಿರಬೇಕು, ಎಲ್ಲಾ ತಮ್ಮದೇ ತಪ್ಪು ಎಂದು ನನ್ನ ಗಂಡ ಹಣೆ ಬಡಿದುಕೊಂಡರು. ಮರುದಿನವೇ ಬಚ್ಚಲಿನ ಬಾಗಿಲಿಗೆ ಗೋಣಿತಟ್ಟು ಹಾಸಿ, ದಿನಾ ಅದರ ಮೇಲೆ ನಿಂತು ಎರಡೂ ಕಾಲು ತಿಕ್ಕಿ ತಿಕ್ಕಿ ಒರೆಸಿಕೊಂಡು ಬರತೊಡಗಿದರು. ಅದನ್ನು ನೋಡಿಯೂ ನಾನು ಸುಮ್ಮನಿದ್ದೆ.

ಸುದ್ದಿ ಕೇಳಿ ಮುಡಬಿಯಿಂದ ಅವ್ವ ಬಂದಳು. ಅದೇ ಉದ್ದ ತೋಳಿನ ಕುಪ್ಪಸ. ಕೈಚೀಲ ಮೂಲೆಯಲ್ಲಿಟ್ಟು, ಕುಪ್ಪಸದ ತೋಳನ್ನು ಮೊಣಕೈಯ ಮೇಲಕ್ಕೆ ಸರಿಸಿ, ಮೊಣಕಾಲು ಬಗ್ಗಿಸಿ ಕೂತು, ಅತ್ತೆಯನ್ನು ಎದೆಗೆ ಒತ್ತಿಕೊಂಡು ಎದ್ದು ನಿಂತಳು. ಅರವತ್ತು ದಾಟಿದವಳು. ಅತ್ತೆ ಪ್ಲಾಸ್ಟರಿನ ಕೈಯನ್ನು ಅವಳ ಹೆಗಲ ಮೇಲೆ ಇಳಿಬಿಟ್ಟು ಕಣ್ಣು ಮುಚ್ಚಿದರು.

ಅವ್ವ ನೀರು ಕಾಯಿಸಲು ಒಳಗೆ ಹೋದಾಗ ಅತ್ತೆ ನನ್ನನ್ನು ಹತ್ತಿರ ಕರೆದರು. ಬಿದ್ದ ಮೇಲೆ ನನ್ನ ಜೊತೆ ಆಡಿದ ಮೊದಲ ಮಾತು.

"ನಿಮ್ಮವ್ವ ಎತ್ತಿದ್ರ ನನಗ ಅಂಜಿಕಿ ಆಗ್ಲಿಲ್ಲ, ಸುವರ್ಣಾ."

ಅವರು ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ.

ಶನಿವಾರ ಹುಮನಾಬಾದಿಗೆ ಹೋದೆ. ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿತ್ತು. ಡಾಕ್ಟರು ರಿಪೋರ್ಟ್ ನೋಡಿ, ತೂಕ ಕಳೆದುಕೊಂಡಿದ್ದೀರಿ ನಿಜ, ಆದರೆ ಕಳೆದುಕೊಳ್ಳಬಾರದ್ದನ್ನೂ ಕಳೆದುಕೊಂಡಿದ್ದೀರಿ ಎಂದರು. ಪಕ್ಕದ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತೆ. ಮೇಡಂ ಹಳೆಯದನ್ನು ಕೆದಕಲಿಲ್ಲ. ಒಂದು ಕಿಲೊದಿಂದ ಶುರು ಮಾಡಿಸಿದಳು. ದಿನಾ ಬೇಳೆ, ಮೊಳಕೆಕಾಳು, ಮೊಸರು ಎಂದು ಬರೆದುಕೊಟ್ಟಳು. ಗರ್ಭಕೋಶದ ಅಂಜಿಕೆಗೂ ಬೈಯಲಿಲ್ಲ. ಎತ್ತುವಾಗ ಉಸಿರು ಬಿಗಿಹಿಡಿಯದೆ ಬಾಯಿಂದ ಬಿಡುವುದು ಹೇಗೆ ಎಂದು ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿದಳು. ಕೆಳಗೆ ಭಾರ ಇಳಿದಂತೆ ಅನ್ನಿಸಿದರೆ ಮುಚ್ಚಿಡದೆ ಬಂದು ಹೇಳಿ ಎಂದಳು. ಮುಚ್ಚಿಡದೆ ಎಂಬ ಮಾತಿಗೆ ನಾನು ತಲೆ ತಗ್ಗಿಸಿದ್ದು ಅವಳಿಗೆ ಅರ್ಥವಾಗಿರಲಿಕ್ಕಿಲ್ಲ.

ಮನೆಯಲ್ಲಿ ಕಾಳಿನ ಕೋಣೆಯ ಬಾಗಿಲು ಹಾಕಿಕೊಂಡು ಉಪ್ಪಿನ ಪಾಕೀಟು ಎತ್ತುತ್ತಿದ್ದೆ. ಒಂದೊಂದು ಕೈಯಲ್ಲಿ ಒಂದು. ಆಮೇಲೆ ಎರಡು. ಮೊದಲ ತಿಂಗಳ ಕೊನೆಗೆ ತೂಕ ಎರಡು ಕಿಲೊ ಏರಿತು. ನಾನು ದವಾಖಾನೆಯ ಮಷೀನಿನ ಮೇಲೆಯೇ ಅತ್ತುಬಿಟ್ಟೆ. ಮೇಡಂ ಟೇಪ್ ತಂದು ಸೊಂಟ ಅಳೆದಳು, ಅದು ಒಂದು ಬೆರಳಿನಷ್ಟು ಕಡಿಮೆಯಾಗಿತ್ತು. ಹೊಟ್ಟೆ ತುಂಬ ಉಂಡು ತಾಕತ್ತು ಬರುವಾಗ ಇಷ್ಟು ಏರುವುದು ಸಹಜ, ಆ ಮುಳ್ಳಿಗೆ ನಿಮ್ಮ ಕಾಲು ಗಟ್ಟಿಯಾದದ್ದು ಗೊತ್ತಾಗುವುದಿಲ್ಲ ಎಂದಳು. ನಂಬಿದೆ ಎಂದು ಹೇಳಲಾರೆ. ಆದರೆ ಆ ದಿನ ಬಸ್ಸಿನ ಮೆಟ್ಟಿಲನ್ನು ಯಾರ ಕೈಯೂ ಇಲ್ಲದೆ ಹತ್ತಿದ್ದೆ.

ಒಂದು ಸಂಜೆ ಚಿಲಕ ಹಾಕಲು ಮರೆತೆ. ಅವ್ವ ಒಳಗೆ ಬಂದಳು. ಕೈಯಲ್ಲಿ ಉಪ್ಪು ಹಿಡಿದು ಬೆವರುತ್ತ ನಿಂತಿದ್ದ ನನ್ನನ್ನು ನೋಡಿದಳು. ಡಾಕ್ಟರು ಹೇಳಿದ್ದಾರೆ ಎಂದು ಏನೇನೋ ತೊದಲಿದೆ. ಮುಖ ಸುಡುತ್ತಿತ್ತು. ಯಾವ ತೋಳನ್ನು ಮುಚ್ಚಿಸಿದ್ದೆನೋ ಅಂಥ ತೋಳಿಗಾಗಿ ಬಾಗಿಲು ಹಾಕಿಕೊಂಡು ಕಷ್ಟಪಡುತ್ತಿದ್ದೇನೆ ಎಂದು ಯಾವ ಬಾಯಿಂದ ಹೇಳಲಿ?

"ಎಷ್ಟು ಸಲ ಎತ್ತಬೇಕಂತ?" ಅವ್ವ ಕೇಳಿದಳು.

ಹನ್ನೆರಡು ಎಂದೆ.

"ಎತ್ತು. ನಾ ಎಣಸ್ತೀನಿ."

ಅವಳು ಜೋಳದ ಚೀಲಕ್ಕೆ ಒರಗಿ ಕೂತು ಬೆರಳು ಮಡಚಿ ಎಣಿಸಿದಳು. ಮರುದಿನದಿಂದ ಕಲಿಸತೊಡಗಿದಳು. ಸೊಂಟ ಬಗ್ಗಿಸಬೇಡ, ಮೊಣಕಾಲು ಬಗ್ಗಿಸು, ಭಾರವನ್ನು ಮೈಗೆ ಹಚ್ಚಿಕೊಂಡು ಎದ್ದೇಳು. ಮೇಡಂ ಹೇಳಿದ್ದೂ ಅದನ್ನೇ. ನಾನು ಅವ್ವನ ಕ್ಷಮೆ ಕೇಳಬೇಕಿತ್ತು. ದಿನಾ ಬಾಯಿವರೆಗೆ ಬರುತ್ತಿತ್ತು. ಹನ್ನೆರಡು ಮುಗಿಯುತ್ತಲೇ ಅವಳು ಎದ್ದು ಒಲೆ ಹಚ್ಚಲು ಹೋಗುತ್ತಿದ್ದಳು, ನಾನು ಬೆವರು ಒರೆಸಿಕೊಳ್ಳುತ್ತಿದ್ದೆ. ಇಂದಿಗೂ ಕೇಳಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೂ ಅವ್ವ ಒಂದೂವರೆ ತಿಂಗಳು ಇದ್ದಳು. ಅಷ್ಟರಲ್ಲಿ ತೊಗರಿ ಕೊಯ್ಲು ಬಂತು. ಹೋಗುವ ಹಿಂದಿನ ದಿನ, ನಾಳೆಯಿಂದ ನೀನೇ ಎತ್ತಬೇಕು ಎಂದಳು. ಅಷ್ಟು ಹೊತ್ತಿಗೆ ನಾನು ಐದು ಕಿಲೊದ ಹಿಟ್ಟಿನ ಚೀಲ ಎದೆಗೊತ್ತಿಕೊಂಡು ಕುರ್ಚಿಯಿಂದ ಹತ್ತು ಸಲ ಏಳುತ್ತಿದ್ದೆ. ಅವ್ವ ಪಕ್ಕದಲ್ಲಿ ಆಸರೆಗೆ ಕೈ ಚಾಚಿ ನಿಂತಿರುವಾಗ ಅತ್ತೆಯನ್ನು ಎತ್ತುವುದೂ ರೂಢಿಯಾಗಿತ್ತು. ಒಬ್ಬಳೇ ಎತ್ತಿರಲಿಲ್ಲ.

ಅವ್ವ ಹೋದ ಮರುದಿನ ಬೆಳಗ್ಗೆ ನನ್ನ ಗಂಡ ಗೋಣಿತಟ್ಟಿನ ಮೇಲೆ ನಿಂತು ಕಾಲು ಒರೆಸಿಕೊಳ್ಳುತ್ತಿದ್ದರು. ಅವರನ್ನು ಒಳಗೆ ಕರೆದು ಅತ್ತೆಯ ಮುಂದೆ ನಿಲ್ಲಿಸಿಕೊಂಡೆ. ನೆಲ ಹಸಿ ಇರಲಿಲ್ಲ ಎಂದೆ. ತಿಂಗಳುಗಟ್ಟಲೆ ಊಟ ಬಿಟ್ಟಿದ್ದನ್ನು ಹೇಳಿದೆ. ಬೀಳುವಾಗ ಅತ್ತೆಯನ್ನು ಬಿಟ್ಟು ಮಂಚ ಹಿಡಿದುಕೊಂಡೆ ಎಂದೂ ಹೇಳಿದೆ. ಗಂಡ ನನ್ನನ್ನು ನೋಡಿದರು, ತಮ್ಮ ಪಾದ ನೋಡಿಕೊಂಡರು. ಚಪ್ಪಲಿ ಮೆಟ್ಟಿ ಅಂಗಡಿಗೆ ಹೋದರು. ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ, ಮಧ್ಯಾಹ್ನದ ಊಟ ಮಾಡಿದೆಯಾ ಎಂದು ಅಂಗಡಿಯಿಂದ ಫೋನ್ ಮಾಡಿದರು. ಈಗಲೂ ಮಾಡುತ್ತಾರೆ.

ಆದರೆ ಆ ಬೆಳಗ್ಗೆ ಕೋಣೆಯಲ್ಲಿ ನಾನು ಮತ್ತು ಅತ್ತೆ ಇಬ್ಬರೇ ಉಳಿದೆವು. ನಿಮಗೆ ಎಲ್ಲ ಗೊತ್ತಿತ್ತು, ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿನ್ನ ಬಿಟ್ರ ನನ್ನ ಎತ್ತೋರು ಯಾರದಾರ? ನಿನ್ನ ಎದುರು ಹಾಕ್ಕೊಂಡು ಎಲ್ಲಿ ಹೋಗ್ಲಿ ನಾ?"

ಅವರು ಅದನ್ನು ಮುನಿಸಿನಿಂದ ಹೇಳಲಿಲ್ಲ. ಇದ್ದ ಸಂಗತಿ ಹೇಳಿದರು. ಆ ಮನೆಯಲ್ಲಿ ಒಂದು ಕಾಲಕ್ಕೆ ನಾನು ಅವರಿಗೆ ಅಂಜುತ್ತಿದ್ದೆ. ಈಗ ಅವರು ನನಗೆ ಅಂಜುತ್ತಿದ್ದರು, ಅದು ನನಗೆ ಅಷ್ಟು ದಿನ ತಿಳಿದೇ ಇರಲಿಲ್ಲ.

ನನ್ನ ತೂಕ ಈಗ ಎಪ್ಪತ್ತಾರರಲ್ಲಿ ನಿಂತಿದೆ. ಶುಗರ್ ಗುಳಿಗೆ ಅರ್ಧಕ್ಕೆ ಇಳಿದಿದೆ, ಪೂರ್ತಿ ನಿಂತಿಲ್ಲ. ಮೊಣಕಾಲು ಚಳಿಗೆ ನೋಯುತ್ತದೆ. ತೋಳು ಸ್ವಲ್ಪ ಗಟ್ಟಿಯಾಗಿದೆ, ಅದು ನನಗಲ್ಲದೆ ಯಾರಿಗೂ ಕಾಣುವುದಿಲ್ಲ. ಅಂಥ ತೋಳಿಗೆ ಅಂಜಿ ಎಷ್ಟೆಲ್ಲ ಹಾಳು ಮಾಡಿದೆ.

ನಿಜ ಹೇಳಿದ ಆ ಬೆಳಗ್ಗೆ ನಾನು ಮೊಣಕಾಲು ಬಗ್ಗಿಸಿ ಕೂತು ಅತ್ತೆಯ ಬೆನ್ನಿಗೆ ಕೈ ಹಾಕಿದೆ. ಅವರ ಮೈ ಸೆಟೆದುಕೊಂಡಿತು. ಬೇಡವಾದರೆ ಇವರು ಬರುವ ತನಕ ಕಾಯೋಣ ಎಂದೆ.

"ಬ್ಯಾಡ," ಎಂದರು. "ಸಾವಕಾಶ ಎತ್ತು."

ಉಸಿರು ಬಿಟ್ಟು ಎದ್ದೆ. ಅವರ ಎಡಗೈ ನನ್ನ ಸೆರಗನ್ನು ಮುಷ್ಟಿ ಕಟ್ಟಿ ಹಿಡಿದಿತ್ತು. ಕುರ್ಚಿಯಲ್ಲಿ ಕೂರಿಸಿದ ಮೇಲೂ ಅವರು ಅದನ್ನು ಒಡನೆ ಬಿಡಲಿಲ್ಲ. ಬಿಡುವ ತನಕ ನಾನು ಹಾಗೆಯೇ ಬಗ್ಗಿ ನಿಂತೆ.