ಧೂಮಕೇತುವಿಗೆ ಮೊಳೆ ಹೊಡೆಯಹೊರಟ ಮೇಡಂ

ಏಪ್ರಿಲ್ ಬಿಸಿಲಿಗೆ ತುಮಕೂರಿನ ಶಿರಾ ಗೇಟ್‌ನಲ್ಲಿ ಜನ ಎಳನೀರಿಗೆ ಮುಗಿಬೀಳುವ ಹೊತ್ತಿನಲ್ಲಿ ನಮ್ಮ ಮೇಡಂ ಮಂಕಿ ಕ್ಯಾಪು, ಗಂಡಸರ ಉಣ್ಣೆ ಕೋಟು ತೊಟ್ಟು ಆಟೋದಿಂದ ಇಳಿಯುತ್ತಿದ್ದರು. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. "ಒಳಗೆ ಹೋದ್ಮೇಲೆ ಹಾಕ್ಕೊಬೋದಲ್ವಾ ಮೇಡಂ?" ಎಂದರೆ, "ಮರ್ತುಬಿಡ್ತೀನಿ ಕಣೇ" ಎನ್ನುವರು.

ಒಳಗೆ ಎಂದರೆ ಹುಣಸೆಹಣ್ಣು ಇಡುವ ಕೋಲ್ಡ್ ಸ್ಟೋರೇಜು. ಅದರ ಹಿಂದಿನ ಫ್ರೀಜರ್ ಕೋಣೆಯನ್ನು ಮಾಲೀಕರು ನಮ್ಮ ಪ್ರಯೋಗಕ್ಕೆ ಬಿಟ್ಟುಕೊಟ್ಟಿದ್ದರು. ಚೇಳೂರಿನ ಮೇಡಂ ಎಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ಗೈಡ್, ನಾನು ಕೊತ್ತಗೆರೆಯವಳು. ಧೂಮಕೇತುವಿನ ಮೇಲಿಳಿಯುವ ನೌಕೆಗೆ ಅಲ್ಲಿ ತೂಕವೇ ಇರುವುದಿಲ್ಲ ಎನ್ನಬೇಕು. ನೆಲ ತಾಕಿದರೆ ಚೆಂಡಿನಂತೆ ಪುಟಿದು ಹೋಗುತ್ತದೆ. ಅದರ ಉಪಕರಣಗಳನ್ನು ಹಿಮಕ್ಕೆ ಕಚ್ಚಿಸಿ ನಿಲ್ಲಿಸುವ ಉಕ್ಕಿನ ಮೊಳೆ ಮಾಡುವುದು ನಮ್ಮ ಕೆಲಸ. ಯಂತ್ರವನ್ನು ಹಗ್ಗಗಳಲ್ಲಿ ತೂಗುಹಾಕಿ, ಬಿಗಿದ ಸ್ಪ್ರಿಂಗಿನಿಂದ ಮೊಳೆಯನ್ನು ಐಸಿನ ಬಂಡೆಗೆ ಗುಂಡಿನಂತೆ ಚಿಮ್ಮಿಸುತ್ತಿದ್ದೆವು.

ಒಂದು ಮಧ್ಯಾಹ್ನ ಗುಂಡಿ ಒತ್ತಿದರೂ ಮೊಳೆ ಚಿಮ್ಮಲಿಲ್ಲ. ಏನಾಯಿತೆಂದು ಹತ್ತಿರ ಹೋದೆ. ಆಗಲೇ ಒಂದು ಹಗ್ಗ ಜಾರಿ ಯಂತ್ರ ನನ್ನತ್ತ ವಾಲಿತು. ಎರಡೂ ಕೈಯಲ್ಲಿ ಹಿಡಿದುಕೊಂಡೆ. ಮೊಳೆಯ ಮೊನೆ ಎದೆಗೆ ನೇರವಾಗಿತ್ತು. ಕೈಬಿಟ್ಟರೆ ಯಂತ್ರ ಅಲುಗುತ್ತದೆ. ಅಲುಗಿದರೆ ಮೊಳೆ ಚಿಮ್ಮಬಹುದು.

"ಅಲ್ಲಾಡ್ಬೇಡ. ಬಂದೆ."

ಸ್ಪ್ರಿಂಗನ್ನು ತಡೆಯುವ ಕೀಲು ಹಿಡಿದು ಮೇಡಂ ಬಂದರು. ಕೀಲು ಕೂರುವ ತೂತಿನಲ್ಲಿ ಐಸು ಕಟ್ಟಿತ್ತು. ಕೈಗವಸು ಕಿತ್ತೆಸೆದು ಬೆರಳಿಂದ ಉಜ್ಜಿದರು, ಕರಗಲಿಲ್ಲ. ಯಂತ್ರದ ಭಾರಕ್ಕೆ ನನ್ನ ತೋಳು ಸೋಲತೊಡಗಿತು.

"ಮೇಡಂ, ನೀವು ಆಚೆ ಹೋಗಿ."

ಹೆದರಿದಾಗ ಅವರ ಮಾತು ಪೂರಾ ಚೇಳೂರಿನದಾಗುತ್ತಿತ್ತು. "ನಂಗೂ ಭಯ ಆಗ್ತೈತೆ. ಮಾತಾಡಿಸ್ಬೇಡ ಸುಮ್ಕಿರು" ಎಂದವರೇ ಮೊಳೆಯ ಪಕ್ಕಕ್ಕೆ ತಲೆ ತಂದು, ಆ ತೂತಿಗೆ ಬಾಯಿಟ್ಟು ಬಿಸಿಯುಸಿರು ಊದತೊಡಗಿದರು. ತುಟಿ ಲೋಹಕ್ಕೆ ಅಂಟಿಕೊಂಡಿತು. ಕಣ್ಣು ಮಾತ್ರ ನನ್ನ ಮೇಲೇ ಇತ್ತು. ಕೊನೆಗೆ ತುಟಿ ಕಿತ್ತುಕೊಂಡರು. ಚರ್ಮ ಅಲ್ಲೇ ಉಳಿಯಿತು. ಕೀಲು ಕೂತಿತು.

ಹೊರಗೆ ಹುಣಸೆ ಮೂಟೆಗಳಿಗೆ ಒರಗಿ ಇಬ್ಬರೂ ಅತ್ತೆವು.

ಮುಂದಿನ ಪ್ರಯೋಗಗಳಲ್ಲಿ ಆ ಮೊಳೆ ಐಸನ್ನು ಕಚ್ಚಿ ನಿಂತಿತು. ಅದು ಆಕಾಶಕ್ಕೆ ಹೋಗುವುದನ್ನು ಕಾಣಲು ಮೇಡಂ ಉಳಿಯಲಿಲ್ಲ. ಕಳೆದ ವರ್ಷ ತುಮಕೂರಿನ ಆಸ್ಪತ್ರೆಯೊಂದರಲ್ಲಿ, ಒಂದೊಂದೇ ಉಸಿರು ಕೂಡಿಸಿಕೊಳ್ಳುತ್ತಾ, "ಭಯ ಆಗ್ತೈತೆ ಕಣೇ" ಎಂದರು. ನರ್ಸ್ ಬಂದು, "ಟೈಮ್ ಆಯ್ತು, ಆಚೆ ಹೋಗಿ" ಎಂದಳು. ನಾನು ಕದಲಲಿಲ್ಲ. ಅವರ ಕೈ ಹಿಡಿದು ಕೂತೆ. ಅದು ತಣ್ಣಗಾದ ಮೇಲೂ ಬಿಡಲು ನನಗೆ ಬಹಳ ಹೊತ್ತು ಬೇಕಾಯಿತು.