ಥೆಲ್ಮಾಳ ಕೋಳಿ ಪೈ

ಹಾಲಿಸ್‌ಗೆ ಸರ್ಕಾರವೆಂದರೆ ಮೈ ಉರಿಯುತ್ತಿತ್ತು. ಮನೆಯ ತೆರಿಗೆ ಕಟ್ಟಿ ಬಂದ ದಿನ ಊಟವನ್ನೇ ಬಿಡುತ್ತಿದ್ದ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಆ ಸಣ್ಣ ಊರಲ್ಲಿ ಸರ್ಕಾರವನ್ನು ಬಯ್ಯುವುದು ಹೊಸದೇನಲ್ಲ, ಆದರೆ ಇವನ ಬೈಗುಳಕ್ಕೆ ಮೈಕ್ ಸಿಕ್ಕಿತ್ತು. ಪ್ರತಿ ಶನಿವಾರ ಬೆಳಗ್ಗೆ ಊರಿನ ರೇಡಿಯೋದಲ್ಲಿ ಕೂತು ತೆರಿಗೆ, ಪರವಾನಗಿ, ಕಾಯಿದೆ ಎಲ್ಲದರ ಚಳಿ ಬಿಡಿಸುತ್ತಿದ್ದ. "ನನ್ನ ಮನೆ ಬಾಗಿಲು ನಂದು ಕಣ್ರಪ್ಪಾ. ಕೇಳ್ದೆ ಒಳಗೆ ಬರೋಕೆ ನೀವ್ಯಾರು?" ಎನ್ನುವುದು ಅವನ ಮಾಮೂಲಿ ಮಾತು.

ಹೆಂಡತಿ ಥೆಲ್ಮಾಳದು ಮಾತು ಕಡಿಮೆ. ಮಗಳು ತೀರಿಕೊಂಡ ಮೇಲಂತೂ ಪೂರ್ತಿ ಮೌನವಾಗಿದ್ದಳು. ಅವಳನ್ನು ಮತ್ತೆ ಮನುಷ್ಯರ ನಡುವೆ ತಂದದ್ದು ಹಿಟ್ಟಿನ ಹೊದಿಕೆಯೊಳಗೆ ಕೋಳಿಮಾಂಸ ತುಂಬಿ ಬೇಯಿಸುವ ಕೋಳಿ ಪೈ. ಶುಕ್ರವಾರ ಒಲೆ ಹಚ್ಚಿದರೆ ಹಿಂಬಾಗಿಲಿನಿಂದ ಊರವರು ಬರುತ್ತಿದ್ದರು. ಪೈ ಕೊಳ್ಳುವುದೊಂದು ನೆಪ. ಮೇಜಿನ ಸುತ್ತ ಕೂತು, ಕಾಫಿ ಕುಡಿದು, ಸತ್ತ ಹುಡುಗಿಯ ತುಂಟಾಟಗಳನ್ನು ನೆನೆಯುತ್ತಿದ್ದರು. ಥೆಲ್ಮಾ ನಗುತ್ತಿದ್ದಳು.

ಮನೆಯಲ್ಲಿ ಮಾಂಸದಡುಗೆ ಮಾಡಿ ಮಾರಲು ಪರವಾನಗಿ ಬೇಕು. ಅದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಆ ಊರಿನ ಮರ್ಯಾದೆಯೇ ಅದು. ಪಕ್ಕದ ಬೀದಿಯ ಡೇನಾ ಆಹಾರ ಇಲಾಖೆಯ ಇನ್‌ಸ್ಪೆಕ್ಟರ್. ಅವನೂ ಟೋಪಿ ತೆಗೆದಿಟ್ಟು ಅದೇ ಮೇಜಿಗೆ ಕೂತು ತಿಂದು, "ನಾನು ಬಂದೇ ಇಲ್ಲಮ್ಮಾ" ಎಂದು ಬಾಯಿ ಒರೆಸಿಕೊಂಡು ಹೋಗುತ್ತಿದ್ದ.

ಒಂದು ಶನಿವಾರ ಹಾಲಿಸ್‌ಗೆ ಆವೇಶ ಬಂತು. "ನನ್ನ ಹೆಂಡ್ತಿ ಥೆಲ್ಮಾ ಪರವಾನಗಿ ಇಲ್ದೆ ಪೈ ಮಾರ್ತಾಳೆ. ಇದುವರೆಗೂ ಯಾರ ಹೊಟ್ಟೆ ಕೆಟ್ಟಿದೆ ಹೇಳಿ! ಧೈರ್ಯ ಇದ್ರೆ ಬಂದು ಮುಚ್ಚಿಸಿ ನೋಡೋಣ!"

ರೇಡಿಯೋದಲ್ಲಿ ಬಂದ ಮೇಲೆ ಡೇನಾ ಕೇಳಿಸಿಕೊಳ್ಳದವನಂತೆ ಇರುವುದು ಹೇಗೆ? ಸೋಮವಾರ ಮುಂಬಾಗಿಲಿಗೇ ಬಂದ. ತಲೆ ಎತ್ತಲಿಲ್ಲ.

"ಕ್ಷಮಿಸಮ್ಮಾ ಥೆಲ್ಮಾ. ಮೇಲಿನವರು ಫೋನ್ ಮಾಡಿದ್ರು. ನನ್ ಕೈಲಿ ಏನೂ ಇಲ್ಲ."

"ನಿನ್ನ ತಪ್ಪಲ್ಲ ಬಿಡಪ್ಪಾ," ಎಂದು ಅವಳು ಒಲೆ ಆರಿಸಿದಳು.

ಹಾಲಿಸ್ ಮಾತ್ರ ಹುರುಪಿನಲ್ಲಿದ್ದ. ಚಳಿಗಾಲವಿಡೀ ರಾಜಧಾನಿಗೆ ಅಲೆದ, ಸಹಿ ಸಂಗ್ರಹಿಸಿದ, ಗಂಟಲು ಹರಿಯುವಂತೆ ಕೂಗಿದ. ಅಡುಗೆಮನೆಯಲ್ಲಿ ಶುಕ್ರವಾರವೂ ಉಳಿದ ದಿನಗಳಂತೆಯೇ ಕಳೆಯತೊಡಗಿತು. ಗುಟ್ಟು ರೇಡಿಯೋದಲ್ಲಿ ಬಯಲಾದ ಮನೆಗೆ ನೆಪವೂ ಇಲ್ಲದೆ ಬರಲು ಜನರಿಗೆ ಸಂಕೋಚ. ಡೇನಾನಂತೂ ಎದುರು ಸಿಕ್ಕರೆ ರಸ್ತೆ ದಾಟುತ್ತಿದ್ದ. ಥೆಲ್ಮಾ ಮತ್ತೆ ಮೌನಕ್ಕೆ ಜಾರಿದಳು. ಹಾಲಿಸ್ ಅದನ್ನು ಸರ್ಕಾರದ ಲೆಕ್ಕಕ್ಕೇ ಬರೆದ.

ಹಿಮ ಕರಗುವ ಹೊತ್ತಿಗೆ ಕಾಯಿದೆ ಬದಲಾಯಿತು. ಮನೆಯಡುಗೆ ಮಾರಲು ಇನ್ನು ಯಾರ ಅಪ್ಪಣೆಯೂ ಬೇಡ. ಜನ ಹಾಲಿಸ್‌ನ ಬೆನ್ನು ತಟ್ಟಿದರು. ಅವನು ಓಡೋಡಿ ಮನೆಗೆ ಬಂದ.

"ಗೆದ್ವಿ ಕಣೇ! ಹಚ್ಚು ಒಲೆ!"

ಥೆಲ್ಮಾ ಕಿಟಕಿಯ ಕಡೆ ನೋಡುತ್ತಿದ್ದವಳು ತಿರುಗಿದಳು.

"ಯಾರಿಗೆ ಹಚ್ಲಿ? ಡೇನಾ ಬರ್ತಾನಾ? ಅವರೆಲ್ಲ ಬರ್ತಿದ್ರಲ್ಲ, ನಮ್ ಹುಡುಗಿ ವಿಷ್ಯ ಮಾತಾಡೋಕೆ, ಅವರು ಬರ್ತಾರಾ?"

"ನಿನಗೋಸ್ಕರ ತಾನೇ ನಾನು ಇಷ್ಟೆಲ್ಲ..."

"ಕೇಳ್ದೆ ಒಳಗೆ ಬರೋರನ್ನ ಜನ್ಮವಿಡೀ ಬೈದೆ ಹಾಲಿಸ್. ರೇಡಿಯೋದಲ್ಲಿ ನನ್ ಹೆಸರು ಹೇಳೋ ಮುಂಚೆ ನೀನು ನನ್ನನ್ನ ಕೇಳಿದ್ಯಾ?"

ಶಾಸಕರ ಬಾಯಿ ಮುಚ್ಚಿಸಿ ಬಂದಿದ್ದ ಹಾಲಿಸ್ ಒಳಗಿಡಲು ಎತ್ತಿದ ಕಾಲನ್ನು ಹಿಂದೆ ತೆಗೆದ. ಕ್ಷಮೆ ಕೇಳಬೇಕೆನಿಸಿತು. ಅಡುಗೆಮನೆಯ ಹೊಸ್ತಿಲಲ್ಲೇ ನಿಂತ. ಒಳಗೆ ಬರಲೇ ಎಂದು ಕೇಳಲು ಅವನಿಗೆ ಆ ದಿನ ಧೈರ್ಯವಾಗಲಿಲ್ಲ.